ಕಿಲ್ ಮೈನಸ್ ಒಂಬತ್ತು

ಸಣ್ಣಬೀರಪ್ಪ ಕುಡಿದು ಟ್ಯಾಂಕಿಗೆ ಇಳಿದ ಎಂದು ಟೈಪು ಮಾಡಿದ ಕಾಗದದ ಕೆಳಗೆ ಹಾಲೇಶಪ್ಪ ಸಹಿ ಹಾಕಿದ್ದು ಗುರುವಾರ ಬೆಳಿಗ್ಗೆ ಹತ್ತೂವರೆಗೆ. ಸಣ್ಣಬೀರಪ್ಪ ಸತ್ತು ಆಗಿನ್ನೂ ಒಂದು ದಿನ ತುಂಬಿರಲಿಲ್ಲ. ಕಾಗದದಲ್ಲಿ ಇದ್ದದ್ದು ಎರಡೇ ಮಾತು. ಒಂದು, ಇಳಿಯಬಹುದು ಎಂದು ಸೂಚಿಸುವ ಹಸಿರು ದೀಪ ಹತ್ತುವ ಮೊದಲೇ ಅವನು ತನ್ನಿಷ್ಟಕ್ಕೆ ತಾನು ಇಳಿದ. ಎರಡು, ಇಳಿಯುವಾಗ ಪಾನಮತ್ತನಾಗಿದ್ದ. ಎರಡೂ ಶುದ್ಧ ಸುಳ್ಳು. ಹಸಿರು ದೀಪ ಹಾಕಿದವನು ಹಾಲೇಶಪ್ಪನೇ. ಇನ್ನು ಕುಡಿತ ಎಂದರೆ, ಅದನ್ನು ಬಿಡಿಸಲು ಎರಡು ವರ್ಷದ ಹಿಂದೆ ಸಣ್ಣಬೀರಪ್ಪನನ್ನು ಉಕ್ಕಡಗಾತ್ರಿಯ ಅಜ್ಜಯ್ಯನ ಕ್ಷೇತ್ರಕ್ಕೆ ಕರೆದುಕೊಂಡು ಹೋದವರಲ್ಲಿ ಹಾಲೇಶಪ್ಪನೂ ಒಬ್ಬ. ಹೊಳೆಯಲ್ಲಿ ಮುಳುಗಿ ಎದ್ದು, ಒದ್ದೆ ಬಟ್ಟೆಯಲ್ಲೇ ಅಜ್ಜಯ್ಯನ ಗದ್ದುಗೆ ಮುಂದೆ ಅವನು ಆಣೆ ಮಾಡಿದ್ದನ್ನು ಕಣ್ಣಾರೆ ಕಂಡಿದ್ದ. ಅಂದಿನಿಂದ ಸಣ್ಣಬೀರಪ್ಪ ಒಂದು ತೊಟ್ಟು ಮುಟ್ಟಿರಲಿಲ್ಲ.

ಮತ್ತೆ ಸಹಿ ಯಾಕೆ ಹಾಕಿದ ಎಂದರೆ, ಹೆದರಿ ಹಾಕಿದ. ಅದಕ್ಕಿಂತ ದೊಡ್ಡ ಕಾರಣ ಹುಡುಕುವುದು ಬೇಡ.

ಹಾಲೇಶಪ್ಪ ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ಇಪ್ಪತ್ತನಾಲ್ಕು ವರ್ಷ ದುಡಿದವನು. ಮಿಲ್ಲು ಬಾಗಿಲು ಹಾಕಿದಾಗ ಅವನ ಜೊತೆಯವರು ಆಟೋ ಹಿಡಿದರು, ಖಾರಮಂಡಕ್ಕಿ ಗಾಡಿ ಇಟ್ಟರು, ಕೆಲವರು ಕಟ್ಟೆಯ ಮೇಲೆ ಕೂತವರು ಎದ್ದೇ ಇಲ್ಲ. ಇವನಿಗೆ ಹರಿಹರದಲ್ಲಿ, ಹೊಳೆ ದಂಡೆಯ ಕಡೆ ಹೊಸದಾಗಿ ಎದ್ದ ಕಾರ್ಖಾನೆಯಲ್ಲಿ ಜಾಗ ಸಿಕ್ಕಿತು. ಮೆಕ್ಕೆಜೋಳವನ್ನು ನೆನೆಹಾಕಿ, ಅರೆದು, ಬಿಳಿ ಸ್ಟಾರ್ಚ್ ಪುಡಿ ತೆಗೆಯುವ ಕಾರ್ಖಾನೆ ಅದು. ದಿನಾ ಬೆಳಿಗ್ಗೆ ದಾವಣಗೆರೆಯಿಂದ ಬಸ್ಸು ಹಿಡಿದು ಬಂದು, ಐವತ್ತು ದಾಟಿದ ವಯಸ್ಸಿನಲ್ಲಿ ಅವನು ಕಂಪ್ಯೂಟರಿನ ಮುಂದೆ ಕೂರುವುದನ್ನು ಕಲಿತ. ಓಣಿಯವರು ನಕ್ಕರು, ಮುದುಕ ಮದುವೆಗೆ ಹೊರಟಂಗಾತು ಅಂದರು. ಹಾಲೇಶಪ್ಪ ತಲೆ ಕೆಡಿಸಿಕೊಳ್ಳಲಿಲ್ಲ. ಹರಿದ ನೂಲನ್ನು ನೋಡದೆ ಗಂಟು ಹಾಕುತ್ತಿದ್ದ ಬೆರಳು ಅವು, ಕೀಲಿಗಳಿಗೂ ಹೊಂದಿಕೊಂಡವು.

ಅವನಿಗೆ ಕಲಿಸಿದವನು ಬಸವಕಿರಣ್. ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ಹುಡುಗ, ಕಾರ್ಖಾನೆಯ ಎಂಜಿನಿಯರ್, ವಯಸ್ಸು ಇಪ್ಪತ್ತಾರು. ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ.ಯಿಂದ ಲಿನಕ್ಸ್ ಎಂಬ ತಂತ್ರಾಂಶ ಹಾಕಿ, ಪ್ರೋಗ್ರಾಮನ್ನು ತಾನೇ ಬರೆದು, ಕಂಪನಿಗೆ ಲಕ್ಷಗಟ್ಟಲೆ ಉಳಿಸಿಕೊಟ್ಟಿದ್ದ. ಆ ಕಂಪ್ಯೂಟರಿನಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ಕಾರ್ಖಾನೆಯಲ್ಲಿ ಜೋಳ ನೆನೆಯುವ ಎಂಟು ಟ್ಯಾಂಕ್. ಒಂದೊಂದಕ್ಕೂ ಒಂದೊಂದು ಪ್ರೋಗ್ರಾಮು. ಜೋಳಕ್ಕೆ ಬಿಡುವ ಗಂಧಕದ ನೀರಿನ ವಾಲ್ ತೆರೆಯುವುದು, ಮುಚ್ಚುವುದು ಅದರ ಕೆಲಸ. ಗಂಧಕದ ನೀರು ಎಂದರೆ ಬರೀ ನೀರಲ್ಲ. ಅದರಿಂದ ಏಳುವ ಗಾಳಿ ಬಾಯಿ ಕಟ್ಟಿದ ಜಾಗದಲ್ಲಿ ಮನುಷ್ಯನನ್ನು ಐದು ನಿಮಿಷ ಇಡುವುದಿಲ್ಲ.

ಆದ್ದರಿಂದ ಟ್ಯಾಂಕ್ ತೊಳೆಯಲು ಆಳು ಇಳಿಯಬೇಕಾದರೆ ಮೊದಲು ಆ ಟ್ಯಾಂಕಿನ ಪ್ರೋಗ್ರಾಮನ್ನು ನಿಲ್ಲಿಸಬೇಕು. ಅದನ್ನು ಬಸವಕಿರಣ್ ಮೊದಲ ದಿನವೇ ಬಿಡಿಸಿ ಹೇಳಿದ್ದ.

"ಹಾಲೇಶಣ್ಣ, ಬರೀ ಕಿಲ್ ಅಂತ ಹೊಡೆದ್ರೆ, ಸಾಕಪ್ಪ ಎದ್ದು ಹೋಗು ಅಂತ ಹೇಳಿದಂಗೆ. ಅದು ಮೊದಲು ವಾಲ್ ಮುಚ್ಚುತ್ತೆ, ಆಮೇಲೆ ಹೋಗುತ್ತೆ. ಮೋಟ್ರು ನಿಧಾನ, ನಾಲ್ಕು ನಿಮಿಷ ಬೇಕು. ಅಲ್ಲೀತನ ಚಾಲೂ ಇರೋ ಪ್ರೋಗ್ರಾಮುಗಳ ಪಟ್ಟಿಯಾಗೆ ಅದರ ಹೆಸರು ಇದ್ದೇ ಇರ್ತೈತೆ. ಏನ್ ಕೇಳಿದ್ರೂ ಮಾತಾಡಲ್ಲ, ಸತ್ತಂಗೆ ಕೂತಿರ್ತೈತೆ. ಹಂಗಂತ ಕೆಟ್ಟಿಲ್ಲ ಅದು."

"ಖರೇನೇ ಕೆಟ್ಟಿದ್ರೆ?"

"ಹತ್ತು ನಿಮಿಷ ಆದ್ರೂ ಹೆಸರು ಹೋಗದಿದ್ರೆ ಕೆಟ್ಟೈತೆ ಅಂತ. ಆವಾಗ ಕೆಳಗೆ ಹೋಗಿ ವಾಲ್‌ನ ಕೈಯಾಗೆ ತಿರುವಿ ಮುಚ್ಚಬೇಕು. ಮುಚ್ಚಿದ ಮೇಲೇ ಕಿಲ್ ಮೈನಸ್ ಒಂಬತ್ತು. ಅದು ಕತ್ತು ಹಿಸುಕಿದಂಗೆ. ವಾಲ್ ಎಲ್ಲಿ ಐತೋ ಅಲ್ಲೇ ಬಿಟ್ಟು ಸಾಯ್ತೈತೆ."

ಹಾಲೇಶಪ್ಪ ಇದನ್ನೆಲ್ಲ ನೋಟುಬುಕ್ಕಿನಲ್ಲಿ ಬರೆದುಕೊಂಡ, ಕೆಳಗೆ ಗೆರೆಯನ್ನೂ ಎಳೆದ. ಆದರೆ ಗೆರೆ ಎಳೆದದ್ದೆಲ್ಲ ನಡತೆಗೆ ಬರುವುದಾದರೆ ಲೋಕ ಹೀಗಿರುತ್ತಿತ್ತೇ? ಶಿಫ್ಟ್ ಮುಗಿಯುವಾಗ ರಿಪೋರ್ಟು ಅಚ್ಚು ಹಾಕುವ ಇನ್ನೊಂದು ಪ್ರೋಗ್ರಾಮು ಇತ್ತು. ಅದು ದಿನ ಬಿಟ್ಟು ದಿನ ಸಿಕ್ಕಿಹಾಕಿಕೊಳ್ಳುತ್ತಿತ್ತು. ಒಳ್ಳೆಯ ಮಾತಿಗೆ ಬಗ್ಗುತ್ತಿರಲಿಲ್ಲ, ಮೈನಸ್ ಒಂಬತ್ತು ಅಂದರೆ ಕಣ್ಣು ಮಿಟುಕಿಸುವುದರೊಳಗೆ ಪಟ್ಟಿಯಿಂದ ಮಾಯ. ಅದರಿಂದ ಏನೂ ಕೆಡುತ್ತಲೂ ಇರಲಿಲ್ಲ. ಮೂರೂ ಶಿಫ್ಟಿನವರಿಗೆ ಆ ರುಚಿ ಹತ್ತಿತು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಡುವುದು ಕಂಪ್ಯೂಟರ್ ಇದ್ದ ಪಾನಲ್ ರೂಮಿನ ವಾಡಿಕೆಯಾಯಿತು. ಹಾಲೇಶಪ್ಪ ಟ್ಯಾಂಕಿನ ಪ್ರೋಗ್ರಾಮಿಗೆ ಮಾತ್ರ ಅದನ್ನು ಬಳಸಿರಲಿಲ್ಲ, ಆ ಬುಧವಾರದ ತನಕ.

ಅದು ತೊಂಬತ್ತೊಂಬತ್ತರ ಆಗಸ್ಟ್ ಹನ್ನೊಂದು. ಅಮಾವಾಸ್ಯೆ, ಸಂಜೆಗೆ ಸೂರ್ಯಗ್ರಹಣ ಬೇರೆ. ಅಮಾವಾಸ್ಯೆಯ ದಿನ ಮಿಷನ್ನಿಗೆ ಪೂಜೆ ಮಾಡುವುದು ದಾವಣಗೆರೆಯ ಮಿಲ್ಲುಗಳ ಹಳೆಯ ಪದ್ಧತಿ. ಅದರಲ್ಲೂ ಹಾಲೇಶಪ್ಪ ದುಡಿಯುತ್ತಿದ್ದ ವಿಭಾಗದಲ್ಲಿ ಒಂದು ಕಟ್ಟುನಿಟ್ಟು ಇತ್ತು. ಮಂಗಳಾರತಿಗೆ ಮೊದಲು ಹರಿದ ನೂಲೆಲ್ಲ ಗಂಟು ಬಿದ್ದಿರಬೇಕು, ಬಿಚ್ಚಿದ ಯಂತ್ರ ಕೂಡಿರಬೇಕು, ದೇವರ ಮುಂದೆ ಅರ್ಧಂಬರ್ಧ ಕೆಲಸ ಇರಕೂಡದು. ಮಿಲ್ಲು ಸತ್ತರೂ ಪದ್ಧತಿ ಸಾಯಲಿಲ್ಲ. ಹಾಲೇಶಪ್ಪ ಅದನ್ನು ಹರಿಹರಕ್ಕೆ ಹೊತ್ತು ತಂದಿದ್ದ. ತಿಂಗಳಿಗೊಮ್ಮೆ ಕಂಪ್ಯೂಟರಿಗೆ ವಿಭೂತಿ, ಸೇವಂತಿಗೆ ಹಾರ, ಒಂದು ತೆಂಗಿನಕಾಯಿ. ಮ್ಯಾನೇಜರ್ ಮಾಲತೇಶಪ್ಪನಿಗೂ ಇದು ಹಿಡಿಸಿತ್ತು. ಕೆಲಸಗಾರರಿಗೆ ಮಾಸ್ಕ್ ಕೊಡುವುದಕ್ಕಿಂತ ಕಂಪ್ಯೂಟರಿಗೆ ಹಾರ ಹಾಕುವುದು ಅಗ್ಗವಲ್ಲವೇ. ಇದ್ದ ಎರಡು ಮಾಸ್ಕ್‌ಗಳು ಸರ್ಕಾರಿ ಸಾಹೇಬರು ಬಂದಾಗ ಗೋಡೆಯ ಮೊಳೆಗೆ ಏರುತ್ತಿದ್ದವು, ಹೋದ ಮೇಲೆ ಬೀರು ಸೇರುತ್ತಿದ್ದವು.

ಬುಧವಾರ ಹನ್ನೆರಡಕ್ಕೆ ರಾಹುಕಾಲ. ಅದಕ್ಕೆ ಮೊದಲೇ ಪೂಜೆ ಮುಗಿಯಬೇಕು. ಗ್ರಹಣ ಹಿಡಿಯುವುದರೊಳಗೆ ಮನೆ ಸೇರುವ ತರಾತುರಿ ಎಲ್ಲರಿಗೂ. ನಾಲ್ಕನೇ ಟ್ಯಾಂಕ್ ಖಾಲಿಯಾಗಿ ತೊಳೆಯಲು ನಿಂತಿತ್ತು. ಅದರ ಬಾಯಿಯ ಹತ್ತಿರ ರಬ್ಬರ್ ಬೂಟು ಹಾಕಿಕೊಂಡು, ಮುಖಕ್ಕೆ ಒದ್ದೆ ಟವೆಲ್ ಸುತ್ತಿಕೊಂಡು ಸಣ್ಣಬೀರಪ್ಪ ಕಾಯುತ್ತಿದ್ದ. ಅವನ ಹೆಂಡತಿ ಹಂಪವ್ವ ಹಾಲೇಶಪ್ಪನ ಊರಿನವಳು. ರಕ್ತ ಸಂಬಂಧವಿಲ್ಲದಿದ್ದರೂ ಅವಳು ಅವನನ್ನು ಅಣ್ಣಾ ಅನ್ನುತ್ತಿದ್ದಳು, ಗಂಡ ಭಾವ ಅನ್ನುತ್ತಿದ್ದ. ಈ ಕೆಲಸ ಕೊಡಿಸಿದವನೂ ಹಾಲೇಶಪ್ಪನೇ.

"ಭಾವಾರೆ, ಲಗೂನ ಹಸಿರು ಹಾಕ್ರಿ," ಎಂದು ಕೆಳಗಿನಿಂದ ಕೂಗಿದ. "ಗ್ರಹಣಕ್ಕೆ ಮೊದಲು ಉಂಡು ಮುಗಿಸಬೇಕು. ಹಂಪಿ ಕಾಯ್ಕೊಂಡು ಕುಂತಿರ್ತಾಳೆ."

"ತಡಿಯೋ ಮಾರಾಯ, ನಿಂದೊಂದು," ಎಂದ ಹಾಲೇಶಪ್ಪ ಕಿಟಕಿಯಿಂದ.

ಹನ್ನೊಂದು ನಲವತ್ತೊಂದಕ್ಕೆ ಅವನು ನಾಲ್ಕನೇ ಟ್ಯಾಂಕಿನ ಪ್ರೋಗ್ರಾಮಿಗೆ ಕಿಲ್ ಹೊಡೆದ. ಪಟ್ಟಿ ತೆಗೆದು ನೋಡಿದ. ಹೆಸರು ಇತ್ತು, ಇರಬೇಕಾದದ್ದೇ. ಅಷ್ಟರಲ್ಲಿ ಪಾನಲ್ ರೂಮಿನಲ್ಲಿ ಜನ ತುಂಬಿದರು. ಮಾಲತೇಶಪ್ಪ ಗಂಟೆ ಹಿಡಿದು ನಿಂತ. ಯಾರೋ ಕಂಪ್ಯೂಟರಿಗೆ ಹಾರ ಹಾಕಿದರು. ಹಾರದ ನಡುವೆ ಪರದೆ, ಪರದೆಯ ಮೇಲೆ ಪಟ್ಟಿ, ಪಟ್ಟಿಯಲ್ಲಿ ನಾಲ್ಕನೇ ಟ್ಯಾಂಕು. ಹಾಲೇಶಪ್ಪ ಕಾಯಿ ಕೈಗೆ ತೆಗೆದುಕೊಂಡ. ಮತ್ತೊಮ್ಮೆ ಪಟ್ಟಿ ತೆಗೆದ. ಹೆಸರು ಅಲ್ಲೇ ಇತ್ತು.

"ಹಾಲೇಶಪ್ಪಾರೆ, ಕರ್ಪೂರ ಹಚ್ಚಿ ಆತು. ಇನ್ನೇನ್ ನೋಡ್ತೀರಿ?" ಎಂದ ಮಾಲತೇಶಪ್ಪ.

ಹಾಲೇಶಪ್ಪ ನೋಡುತ್ತಿದ್ದದ್ದು ಆ ಹೆಸರನ್ನು. ಹೋಗು ಅಂದರೂ ಹೋಗದೆ ಕೂತದ್ದು. ಅತ್ತ ಕೆಲಸವೂ ಅಲ್ಲ, ಇತ್ತ ಮುಗಿದದ್ದೂ ಅಲ್ಲ. ಇಪ್ಪತ್ತನಾಲ್ಕು ವರ್ಷದಲ್ಲಿ ಒಂದು ಅಮಾವಾಸ್ಯೆಯೂ ಅವನು ಅರ್ಧ ಕೆಲಸವನ್ನು ಮುಂದಿಟ್ಟುಕೊಂಡು ಕಾಯಿ ಒಡೆದಿರಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ, ಆತುರಕ್ಕೆ ಭಕ್ತಿಯೂ ಕೂಡಿದರೆ ಹೇಳುವುದೇ ಬೇಡ. ಕಾಯಿಯನ್ನು ಎಡಗೈಗೆ ಬದಲಿಸಿ, ಬಲಗೈಯಲ್ಲಿ ಕಿಲ್ ಮೈನಸ್ ಒಂಬತ್ತು ಹೊಡೆದ. ಹೆಸರು ಹೋಯಿತು. ಪಟ್ಟಿ ಚೊಕ್ಕಟವಾಯಿತು. ಹಸಿರು ದೀಪದ ಸ್ವಿಚ್ಚು ಒತ್ತಿದ.

"ಇಳೀತೀನಿ ಭಾವಾರೆ," ಎಂಬ ಕೂಗು ಕೇಳಿಸಿತು.

ಕಾಯಿ ಸರಿಸಮ ಎರಡು ಹೋಳಾಯಿತು. ಶುಭ ಎಂದರು. ಗಂಟೆ, ಜಾಗಟೆ ಶುರುವಾಯಿತು. ಆ ಗದ್ದಲದ ನಡುವೆ ಐದನೇ ಟ್ಯಾಂಕಿನ ಪಂಪು ತನ್ನ ಹೊತ್ತಿಗೆ ತಾನು ಚಾಲೂ ಆಗಿ, ಎಲ್ಲ ಟ್ಯಾಂಕಿಗೂ ಹೋಗುವ ಪೈಪಿಗೆ ಗಂಧಕದ ನೀರನ್ನು ನೂಕಿತು. ನಾಲ್ಕನೆಯದರ ವಾಲ್ ಅರ್ಧ ಮುಚ್ಚಿ ನಿಂತಿತ್ತು. ಮುಚ್ಚುತ್ತಿದ್ದವನ ಕತ್ತು ಹಿಸುಕಿಯಾಗಿತ್ತು, ಇನ್ನರ್ಧ ಮುಚ್ಚುವವರು ಯಾರು? ಸಣ್ಣಬೀರಪ್ಪ ಕೂಗಿರಬೇಕು. ಕೂಗದೆ ಇರಲು ಅವನು ಕಲ್ಲಲ್ಲ. ಪಾನಲ್ ರೂಮಿನಲ್ಲಿ ಹನ್ನೆರಡು ಜನ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದರು, ಒಬ್ಬರಿಗೂ ಕೇಳಲಿಲ್ಲ.

ಮಂಡಕ್ಕಿ, ಬಾಳೆಹಣ್ಣು, ಕಾಯಿ ಚೂರು ಹಂಚಿಯಾದ ಮೇಲೆ ಹಾಲೇಶಪ್ಪ ಒಂದು ಪಾಲನ್ನು ಕಾಗದದಲ್ಲಿ ಕಟ್ಟಿಕೊಂಡು ಕೆಳಗೆ ಹೋದ. ನಾಲ್ಕನೇ ಟ್ಯಾಂಕಿನ ಬಾಯಿಯಲ್ಲಿ ಬಗ್ಗಿ, "ಬೀರಪ್ಪ, ಪ್ರಸಾದ ತಗಾ" ಎಂದ. ಮೂಗಿಗೆ ಘಾಟು ಹೊಡೆಯಿತು. ಕೆಳಗೆ ಮೊಣಕಾಲುದ್ದ ನೀರಿನಲ್ಲಿ, ಏಣಿಯ ಕೊನೆಯ ಮೆಟ್ಟಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಸಣ್ಣಬೀರಪ್ಪ ಮುಖ ಕೆಳಗಾಗಿ ಬಿದ್ದಿದ್ದ.

ಜನ ಓಡಿಬಂದರು, ಹಗ್ಗ ಬಿಟ್ಟರು, ಎಳೆದರು. ಹಾಲೇಶಪ್ಪ ಮಾತ್ರ ವಾಲ್ ಹತ್ತಿರ ಓಡಿದ. ಗಾಲಿ ತಿರುವಿದ. ಮುಚ್ಚಿದ ವಾಲ್ ತಿರುಗುವುದಿಲ್ಲ. ಇದು ಹನ್ನೊಂದು ಸುತ್ತು ತಿರುಗಿತು. ಆ ಹನ್ನೊಂದು ಸುತ್ತು ಅವನೊಬ್ಬನಿಗೇ ಗೊತ್ತು.

ಮಾಲತೇಶಪ್ಪ ಗುರುವಾರ ಕಾಗದ ಮುಂದಿಟ್ಟಾಗ ದನಿ ಏರಿಸಲಿಲ್ಲ. ಇಂಥವರು ಏರಿಸುವುದೂ ಇಲ್ಲ.

"ನೋಡ್ರಿ, ಸತ್ತೋನು ಸತ್ತ. ನೀವು ಇದೀರಿ. ಹಸಿರು ಹಾಕಿದೋರು ಯಾರು ಅಂತ ಕೇಳಿದ್ರೆ ನಿಮ್ಮನ್ನೇ ಎಳಕೊಂಡು ಹೋಗೋದು. ಈ ವಯಸ್ಸಿನಾಗೆ ಜೈಲು ಯಾಕ ಬೇಕು ನಿಮಗೆ? ಅವನು ಮೊದಲು ಕುಡಿತಿದ್ದ ಅನ್ನೋದು ಊರಿಗೇ ಗೊತ್ತೈತೆ. ಯಾರೂ ಇಲ್ಲ ಅನ್ನಲ್ಲ."

"ಪೋಸ್ಟ್‌ಮಾರ್ಟಂ..."

"ಅದರ ರಿಪೋರ್ಟ್ ಬರೋದು ಇನ್ನ ಮೂರು ತಿಂಗಳಿಗೆ. ಸೋಮವಾರ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಸಾಹೇಬ್ರು ಬಂದು ಇದನ್ನ ನೋಡಿ ಫೈಲ್ ಮುಚ್ಚತಾರೆ. ಹಾಕ್ರಿ."

ಹಾಲೇಶಪ್ಪ ಹಾಕಿದ.

ಶುಕ್ರವಾರ ಸತ್ತವನ ಮಣ್ಣಿಗೆ ಹಾಲುತುಪ್ಪ ಬಿಡುವ ಶಾಸ್ತ್ರ. ಹೋಗದೆ ಇದ್ದರೆ ಅನುಮಾನ, ಹೋದರೆ ಸಂಕಟ. ಹೋದ. ಹರಿಹರದ ಹೊರಗೆ, ಸಣ್ಣಬೀರಪ್ಪನ ಮನೆಯ ಅಂಗಳದಲ್ಲಿ ಜನ ಸೇರಿದ್ದರೂ ಯಾರೂ ಹೊರಡುವ ಲಕ್ಷಣ ಕಾಣಲಿಲ್ಲ. ಕಾರ್ಖಾನೆಯ ಕಾಗದದ ಸುದ್ದಿ ಹೆಣಕ್ಕಿಂತ ಮೊದಲೇ ಊರು ಮುಟ್ಟಿತ್ತು. ಸಣ್ಣಬೀರಪ್ಪನ ಅಣ್ಣ ಕರಿಯಣ್ಣ ಕಟ್ಟೆಯ ಮೇಲೆ ಕೂತವನು ಎದ್ದಿರಲಿಲ್ಲ.

"ಅಜ್ಜಯ್ಯನ ಮುಂದೆ ಆಣೆ ಮಾಡಿ ಮುರಿದವನೆ," ಎಂದ. "ಅಜ್ಜಯ್ಯ ಬಿಡ್ತಾನಾ? ಅದಕ್ಕೇ ಹಿಂಗಾತು. ಆಣೆ ತಪ್ಪಿದೋನ ಮಣ್ಣಿಗೆ ನಾನು ಹಾಲು ಬಿಡಲ್ಲ. ಬಿಟ್ರೆ ನನ್ನ ಮಕ್ಕಳಿಗೂ ತಟ್ಟುತ್ತೆ."

ಹಂಪವ್ವ ಬಾಗಿಲಲ್ಲಿ ನಿಂತಿದ್ದಳು. ಮೂರು ದಿನದಿಂದ ಅತ್ತು ಅವಳ ದನಿ ಹೋಗಿತ್ತು. "ಕುಡಿದಿರಲಿಲ್ಲ ಅವರು. ಬೆಳಿಗ್ಗೆ ನನ್ನ ಕೈಯಾಗೇ ರೊಟ್ಟಿ ಕಟ್ಟಿಸ್ಕೊಂಡು ಹೋದ್ರು," ಎಂದಳು. ಯಾರೋ ಒಬ್ಬ ಮುದುಕಿ, ಗಂಡನ ಮರ್ಯಾದೆಗೆ ಯಾವ ಹೆಂಡತಿಯಾದರೂ ಹಾಗೇ ಅನ್ನುತ್ತಾಳೆ ಎಂದು ಗೊಣಗಿದಳು. ಆಗ ಹಂಪವ್ವನ ಕಣ್ಣು ಹಾಲೇಶಪ್ಪನ ಮೇಲೆ ಬಿತ್ತು. ಮುಳುಗುವವರು ಕೊಂಬೆ ಕಂಡಂತೆ ಅವನ ಕಡೆ ಬಂದಳು.

"ಅಣ್ಣಾ, ನೀವು ಅಲ್ಲೇ ಇದ್ರಲ್ಲ. ಅವರನ್ನ ಮೊದಲು ಕಂಡೋರು ನೀವು. ಬಾಯಾಗೆ ವಾಸನೆ ಬಂತಾ? ಹೇಳ್ರಿ, ಇವರಿಗೆಲ್ಲ ಕೇಳೋಹಂಗೆ ಹೇಳ್ರಿ."

ಅಂಗಳದವರೆಲ್ಲ ಅವನ ಕಡೆ ತಿರುಗಿದರು. ಒಂದು ಮಾತು, ಇಲ್ಲ ಅನ್ನುವ ಎರಡಕ್ಷರ ಸಾಕಿತ್ತು. ಆದರೆ ಕುಡಿದಿರಲಿಲ್ಲ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ, ಹಾಗಾದರೆ ಯಾಕೆ ಸತ್ತ ಎಂದು.

"ನಂಗೆ... ಗೊತ್ತಾಗಲಿಲ್ಲವ್ವ," ಎಂದ. "ಗಾಬರಿಯಾಗೆ ಗಮನಿಸಲಿಲ್ಲ."

ಹಂಪವ್ವ ಒಳಗೆ ಹೋಗಿ ಹಾಲಿನ ತಂಬಿಗೆ ತಾನೇ ಎತ್ತಿಕೊಂಡು, ಒಬ್ಬಳೇ ಮಣ್ಣಿನ ಕಡೆ ನಡೆದಳು. ಊರು ನಿಂತು ನೋಡಿತು. ಹಾಲೇಶಪ್ಪನೂ ನಿಂತು ನೋಡಿದ. ಅವನ ಕಾಲು ಒಂದು ಹೆಜ್ಜೆ ಮುಂದೆ ಬರಲಿಲ್ಲ.

ಶನಿವಾರ ಬಸವಕಿರಣ್ ಅವನನ್ನು ಎಂ.ಸಿ.ಸಿ. ಬಿ ಬ್ಲಾಕಿನ ತನ್ನ ಮನೆಗೆ ಕರೆಸಿಕೊಂಡ. ಮಹಡಿಯ ಕೋಣೆಯ ಬಾಗಿಲು ಹಾಕಿದ. ಹುಡುಗ ಮುಖ ತೊಳೆದು ಎಷ್ಟು ದಿನವಾಗಿತ್ತೋ.

"ಕಂಪ್ಯೂಟರಾಗೆ ಎಲ್ಲ ಬರೆದಿರ್ತೈತೆ ಹಾಲೇಶಣ್ಣ. ಯಾವ ಹೊತ್ತಿಗೆ ಏನ್ ಹೊಡೆದ್ರಿ ಅಂತ. ಬುಧವಾರ ಸಂಜೆನೇ ನೋಡಿದೆ ನಾನು. ಹನ್ನೊಂದು ನಲವತ್ತೊಂದಕ್ಕೆ ಕಿಲ್. ನಲವತ್ತಮೂರಕ್ಕೆ ಮೈನಸ್ ಒಂಬತ್ತು."

ಹಾಲೇಶಪ್ಪ ತಲೆ ಎತ್ತಲಿಲ್ಲ.

"ಅದು ಕೆಟ್ಟಿರಲಿಲ್ಲ. ಮುಚ್ಚತಾ ಇತ್ತು. ಇನ್ನೆರಡು ನಿಮಿಷ ಬೇಕಾಗಿತ್ತು ಅದಕ್ಕೆ, ಅಷ್ಟೇ." ಬಸವಕಿರಣ್ ಕಿಟಕಿಯನ್ನೂ ಹಾಕಿ ಬಂದ. "ನಂದೂ ತಪ್ಪೈತೆ. ಮುಚ್ಚತಾ ಇದೀನಿ ಅಂತ ಪರದೆ ಮೇಲೆ ಒಂದು ಸಾಲು ಬರಂಗೆ ಮಾಡಬೇಕಾಗಿತ್ತು. ಮಾಡೋಣ ಮಾಡೋಣ ಅಂತ ಬಿಟ್ಟೆ."

"ಈಗ ಏನ್ ಮಾಡ್ತೀರಿ?"

"ಮಾಡಿ ಆತು. ಎಲ್ಲ ಅಳಿಸಿ ಹೊಸದಾಗಿ ಹಾಕು ಅಂತ ಮ್ಯಾನೇಜರ್ ಹೇಳಿದ್ರು. ನಿನ್ನೆ ಅಳಿಸಿದೆ. ಇನ್ನ ಯಾರು ಹುಡುಕಿದ್ರೂ ಸಿಗಲ್ಲ. ನೀವೂ ಉಳಿದ್ರಿ, ನಾನೂ ಉಳಿದೆ."

ಉಳಿದೆವು ಎಂದು ಇಬ್ಬರಿಗೂ ಅನ್ನಿಸಲಿಲ್ಲ. ಬಸವಕಿರಣನ ತಾಯಿ ತಂದಿಟ್ಟ ಕಾಫಿ ಕೆನೆ ಕಟ್ಟಿತು. ಹಾಲೇಶಪ್ಪ ಬಿಸಿಲಲ್ಲಿ ನಡೆದೇ ಮನೆಗೆ ಹೋದ. ದಾರಿಯಲ್ಲಿ ಪಿ.ಜೆ. ಬಡಾವಣೆಯ ಅಂಗಡಿಯವನು ಮಾತಾಡಿಸಿದ್ದಕ್ಕೆ ಏನು ಹೇಳಿದನೋ ಅವನಿಗೇ ನೆನಪಿಲ್ಲ. ಆ ರಾತ್ರಿ, ಮರುದಿನ, ಅವನ ತಲೆಯಲ್ಲಿ ತಿರುಗಿದ್ದು ಸತ್ತವನ ಮುಖವೂ ಅಲ್ಲ, ಜೈಲೂ ಅಲ್ಲ. ತಂಬಿಗೆ ಹಿಡಿದು ಒಬ್ಬಳೇ ನಡೆದುಹೋದ ಹಂಪವ್ವನ ಬೆನ್ನು. ಗಂಡ ಹೇಗೂ ಹೋದ. ಅವನು ಒಳ್ಳೆಯವನಾಗಿ ಸತ್ತ ಎಂಬುದೊಂದು ಅವಳ ಪಾಲಿಗೆ ಉಳಿಯಬೇಕಿತ್ತು, ಅದನ್ನು ಕಿತ್ತುಕೊಂಡವನು ಇವನು.

ಸೋಮವಾರ ಇನ್‌ಸ್ಪೆಕ್ಟರ್ ಬಂದರು. ಮಾಸ್ಕುಗಳು ಮೊಳೆಗೆ ಏರಿದ್ದವು. ಅವರು ವಯಸ್ಸಾದ, ಮಾತು ಕಡಿಮೆಯ ಮನುಷ್ಯ. ಕಾಗದ ಓದಿ, "ಸಹಿ ನಿಮ್ಮದೇನ್ರಿ?" ಎಂದರು.

"ನಂದೇ ಸರ್."

"ಸರಿ. ಈ ಟ್ಯಾಂಕ್ ನಿಲ್ಲಿಸೋದು ಹೆಂಗೆ ಅಂತ ಒಂದ್ಸಾರಿ ಮಾಡಿ ತೋರಿಸಿ. ನಾನು ಬರೆದುಕೊಳ್ಳಬೇಕು."

ನಾಲ್ಕನೆಯದಕ್ಕೆ ಪೊಲೀಸರ ಸೀಲು ಬಿದ್ದಿತ್ತು. ಆರನೆಯದು ಖಾಲಿ ಇತ್ತು. ಹಾಲೇಶಪ್ಪ ಅದಕ್ಕೆ ಕಿಲ್ ಹೊಡೆದು, ಪಟ್ಟಿ ತೆಗೆದು, ಕೈ ಕಟ್ಟಿ ಕೂತ. ಒಂದು ನಿಮಿಷವಾಯಿತು. ಹೆಸರು ಅಲ್ಲಾಡಲಿಲ್ಲ. ಇನ್‌ಸ್ಪೆಕ್ಟರ್ ವಾಚು ನೋಡಿಕೊಂಡರು. ಮಾಲತೇಶಪ್ಪ ನಗುವ ಪ್ರಯತ್ನ ಮಾಡಿದ.

"ಹ್ಯಾಂಗ್ ಆಗೈತೆ ಅನ್ಸುತ್ತೆ ಸರ್. ಚಾ ಕುಡಿಯೋಣ ಬರ್ರಿ."

"ಹ್ಯಾಂಗ್ ಆಗಿಲ್ಲ," ಎಂದ ಹಾಲೇಶಪ್ಪ. "ವಾಲ್ ಮುಚ್ಚತಾ ಐತೆ."

ನಾಲ್ಕು ನಿಮಿಷ ಎಷ್ಟು ದೊಡ್ಡದು ಎಂದು ಆ ಕೋಣೆಯಲ್ಲಿದ್ದವರಿಗೆಲ್ಲ ಅವತ್ತು ಗೊತ್ತಾಯಿತು. ಎರಡನೇ ನಿಮಿಷ ಮುಗಿಯಿತು. ಬುಧವಾರ ಅವನ ಬೆರಳು ಎದ್ದದ್ದು ಇಲ್ಲೇ. ಮೂರನೆಯದೂ ಮುಗಿಯಿತು. ಇಷ್ಟೇ, ಇಷ್ಟೇ ಕಾಯಬೇಕಿತ್ತು. ಕರ್ಪೂರ ಆರಿದರೆ ಇನ್ನೊಂದು ಹಚ್ಚಬಹುದಿತ್ತು. ನಾಲ್ಕು ತುಂಬಿದಾಗ ಹೆಸರು ತಾನಾಗಿ ಹೋಯಿತು.

"ಆಯ್ತಲ್ಲ," ಎಂದು ಇನ್‌ಸ್ಪೆಕ್ಟರ್ ಪೆನ್ನು ತೆಗೆದರು.

"ಆಗಿಲ್ಲ ಸರ್. ಇದು ಸರಿಯಾದ ರೀತಿ. ಬುಧವಾರ ನಾನು ಮಾಡಿದ್ದು ಬ್ಯಾರೆ. ಅದನ್ನೂ ತೋರಿಸ್ತೀನಿ."

"ಹಾಲೇಶಪ್ಪಾರೆ!" ಎಂದ ಮಾಲತೇಶಪ್ಪ. ಈ ಸಾರಿ ದನಿ ಏರಿತ್ತು.

ಹಾಲೇಶಪ್ಪ ತಿರುಗಿ ನೋಡಲಿಲ್ಲ. ಆರನೆಯದರ ಪ್ರೋಗ್ರಾಮನ್ನು ಮತ್ತೆ ಚಾಲೂ ಮಾಡಿದ. ವಾಲ್ ಪೂರ್ತಿ ತೆರೆಯುವ ತನಕ ಕಾದ. ಕಿಲ್ ಹೊಡೆದ. ಗೋಡೆ ಗಡಿಯಾರದಲ್ಲಿ ಎರಡು ನಿಮಿಷ ನೋಡಿ, ಕಿಲ್ ಮೈನಸ್ ಒಂಬತ್ತು ಹೊಡೆದ. ಹೆಸರು ಥಟ್ಟನೆ ಮಾಯವಾಯಿತು.

"ಪಟ್ಟಿಯಾಗೆ ಹೆಸರಿಲ್ಲ. ಇಷ್ಟು ನೋಡಿ ನಾನು ಹಸಿರು ಹಾಕಿದೆ ಸರ್. ಈಗ ಕೆಳಗೆ ಬರ್ರಿ."

ಕೆಳಗೆ ಇನ್‌ಸ್ಪೆಕ್ಟರ್ ತಾವೇ ಗಾಲಿಗೆ ಕೈ ಹಾಕಿದರು. ಮುಚ್ಚಿರಬೇಕಾದ ವಾಲ್ ತಿರುಗಿತು, ತಿರುಗುತ್ತಲೇ ಹೋಯಿತು. ಅವರ ತುಟಿ ಎಣಿಸುತ್ತಿತ್ತು. ಗಾಲಿ ಗಟ್ಟಿಯಾಗಿ ನಿಂತ ಮೇಲೆ, ಹಿಂದೆಯೇ ಇಳಿದು ಬಂದಿದ್ದ ಬಸವಕಿರಣನ ಕಡೆ ತಿರುಗಿ, "ಪ್ರೋಗ್ರಾಮ್ ಬರೆದವರು ನೀವಲ್ಲವೇ? ಇವರು ಹೇಳಿದ್ದು ನಿಜವೇ?" ಎಂದರು.

ಬಸವಕಿರಣ್ ಮ್ಯಾನೇಜರ್ ಕಡೆ ಒಮ್ಮೆ ನೋಡಿದ. "ನಿಜ ಸರ್," ಎಂದ. "ಕಂಪ್ಯೂಟರಾಗೆ ಇದ್ದ ದಾಖಲೆ ಅಳಿಸಿದ್ದು ನಾನು."

ಇನ್‌ಸ್ಪೆಕ್ಟರ್ ಹಳೆಯ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೊಸ ಹಾಳೆ ತೆಗೆದರು. ಹಾಲೇಶಪ್ಪ ಅವರ ಪೆನ್ನಿಗೇ ಅಡ್ಡ ಬಂದ. "ಕುಡಿದಿರಲಿಲ್ಲ ಅಂತ ಮೊದಲು ಬರೀರಿ ಸರ್. ನಂದು ಆಮೇಲೆ ಬರೀರಿ. ಅದು ಮೊದಲನೇ ಸಾಲಿಗೆ ಬರಲಿ."

ಅವರು ಹಾಗೇ ಬರೆದರು. ಪೊಲೀಸ್ ಠಾಣೆಗೆ ಫೋನು ಹೋಯಿತು. ಬಂದ ಕಾನ್‌ಸ್ಟೇಬಲ್ ಚಾಂದ್ ಪಾಷಾ ಹರಿಹರದವನೇ, ಹಾಲೇಶಪ್ಪನನ್ನು ಬಲ್ಲವನು. ದಾರಿಯಲ್ಲಿ ಒಂದು ಮನೆಗೆ ಹೋಗಬೇಕು ಎಂದಾಗ ಬೇಡ ಅನ್ನಲಿಲ್ಲ.

ಹಂಪವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಕರಿಯಣ್ಣ ಕಟ್ಟೆಯ ಮೇಲಿದ್ದ. ಹಾಲೇಶಪ್ಪ ಚಪ್ಪಲಿ ಬಿಟ್ಟು, ಬಿಸಿಲಲ್ಲೇ ನಿಂತು, ನಿಂತಲ್ಲೇ ಎಲ್ಲ ಹೇಳಿದ. ಹಸಿರು ಹಾಕಿದ್ದು, ಕಾಯದೆ ಹೋದದ್ದು, ಸುಳ್ಳಿಗೆ ಸಹಿ ಹಾಕಿದ್ದು. ಹೇಳುವಾಗ ಅಳಬಾರದು ಎಂದುಕೊಂಡಿದ್ದ, ಆಗಲಿಲ್ಲ. ಹಂಪವ್ವ ಅಳಲಿಲ್ಲ. ಮೊರವನ್ನು ಕೆಳಗಿಟ್ಟಳು.

"ಕುಡಿದಿರಲಿಲ್ಲ ಅಂತ ಬರಕೊಂಡ್ರಾ?"

"ಬರಕೊಂಡ್ರು. ಮೊದಲನೇ ಸಾಲೇ ಅದು."

ಕರಿಯಣ್ಣ ಕಟ್ಟೆಯಿಂದ ಎದ್ದ. ಏನೋ ಹೇಳಲು ಬಾಯಿ ತೆರೆದು, ಟವೆಲನ್ನು ಮುಖಕ್ಕೆ ಒತ್ತಿಕೊಂಡು, ತಮ್ಮನ ಮಣ್ಣಿನ ಕಡೆ ಬರಿಗಾಲಲ್ಲಿ ನಡೆದುಬಿಟ್ಟ. ಅಂಗಳದಲ್ಲಿ ಇಬ್ಬರೇ ಉಳಿದರು. ಹಾಲೇಶಪ್ಪ ಕೈ ಮುಗಿದ.

"ಅವಸರ ಮಾಡಿಬಿಟ್ಟೆ ಹಂಪವ್ವ. ಪೂಜೆ ಹೊತ್ತು ಮೀರ್ತೈತೆ ಅಂತ. ಎರಡೇ ನಿಮಿಷ ಕಾದಿದ್ರೆ..."

"ಬುಧವಾರ ಅವಸರ ಆತು, ಇರಲಿ," ಎಂದಳು ಹಂಪವ್ವ. ದನಿ ಒಡೆದಿತ್ತು, ಆದರೆ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳಿಸಿತು. "ಶುಕ್ರವಾರ ನಾನು ನಿಮ್ಮ ಮುಂದೆ ನಿಂತು ಕೇಳಿದೆನಲ್ಲ, ಆವಾಗ ಯಾವ ಅವಸರ ಇತ್ತು ಹಾಲೇಶಪ್ಪಾರೆ?"

ಅವಳು ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಉತ್ತರಕ್ಕೆ ಕಾದಳು. ಬಹಳ ಹೊತ್ತೇ ಕಾದಳು, ಮೊರಕ್ಕೆ ಕೈ ಹಾಕದೆ, ಅವನ ಮುಖದಿಂದ ಕಣ್ಣು ತೆಗೆಯದೆ. ಕೊನೆಗೆ ಚಾಂದ್ ಪಾಷಾ ಬೇಲಿಯ ಆಚೆಯಿಂದ, "ಬರ್ರಿ ಯಜಮಾನ್ರೆ, ಹೊತ್ತಾಗುತ್ತೆ" ಎಂದು ಕರೆದ. ಹಾಲೇಶಪ್ಪ ಚಪ್ಪಲಿ ಮೆಟ್ಟಿ ಅವನ ಹಿಂದೆ ಹೋದ.